ಫೈಲಕ್ಕನ ನಂಬರು

ಹತ್ತೊಂಬತ್ತು ವರ್ಷ ಒಬ್ಬರೇ ವಕೀಲರ ಹತ್ತಿರ ಗುಮಾಸ್ತೆಯಾಗಿದ್ದ ಆಕೆಯನ್ನು ಕೋರ್ಟಿನ ಆವರಣದಲ್ಲಿ ಎಲ್ಲರೂ ಫೈಲಕ್ಕ ಎಂದೇ ಕರೆಯುತ್ತಿದ್ದರು. ಯಾವ ಕಾಗದ ಯಾವ ಕಪಾಟಿನಲ್ಲಿದೆ ಎಂಬುದು ಆಕೆಗೆ ಕಣ್ಣು ಮುಚ್ಚಿದರೂ ಗೊತ್ತು. ಅರ್ಜಿ ಬರೆಯುವುದು, ಹೇಳಿಕೆಗಳನ್ನು ಜೋಡಿಸುವುದು, ವಾಯಿದೆಯ ದಿನ ನೆನಪಿಡುವುದು ಎಲ್ಲ ಆಕೆಯದೇ. ವಕೀಲರು ಕೋಟು ಹಾಕಿಕೊಂಡು ಹೋಗಿ ಮಾತಾಡಿ ಬರುತ್ತಿದ್ದರು. ಅಡುಗೆ ನನ್ನದು, ಬಡಿಸುವ ಕೈ ಅವರದು ಎಂದು ದರ್ಜಿ ಗಂಡನ ಹತ್ತಿರ ಹೇಳಿ ನಗುತ್ತಿದ್ದಳು.

ಅಷ್ಟರಲ್ಲಿ ಹೊಸ ನಿಯಮ ಬಂತು. ವಕೀಲರ ಕೈಕೆಳಗೆ ಕಾಗದಪತ್ರ ತಯಾರಿಸುವವರೆಲ್ಲ ಸರ್ಕಾರ ನೇಮಿಸಿದ ಮಂಡಳಿಯ ಪರೀಕ್ಷೆ ಪಾಸು ಮಾಡಬೇಕು. ಪಾಸಾದವರಿಗೆ ಒಂದು ನೋಂದಣಿ ನಂಬರು. ಬರೆದ ಪ್ರತಿ ಕಾಗದದ ಕೆಳಗೂ ಆ ನಂಬರು, ಸಹಿ. ಅದರಲ್ಲಿ ಸುಳ್ಳಿದ್ದರೆ ವಕೀಲರಷ್ಟೇ ಅಲ್ಲ, ನಂಬರಿನವರೂ ಉತ್ತರ ಹೇಳಬೇಕು. ಇನ್ನೂ ಮುಗಿಯದ ಹಳೆಯ ಕೇಸುಗಳ ಕಾಗದಗಳಿಗೂ ಮೂರು ತಿಂಗಳೊಳಗೆ ನಂಬರು ಬೀಳಬೇಕು.

ಬೇರೆ ವಕೀಲರು ಗುಮಾಸ್ತರಿಗೆ ಓದಲು ಒಂದು ದಿನ ರಜೆ ಕೊಡಲೂ ಗೊಣಗಿದರು. ಫೈಲಕ್ಕನ ವಕೀಲರು ಎರಡು ವಾರ ರಜೆ ಕೊಟ್ಟು, ಪುಸ್ತಕಗಳನ್ನೂ ತಾವೇ ತಂದುಕೊಟ್ಟರು.

"ಜ್ವರ ಬಂದಾಗ್ಲೂ ರಜೆ ಕೊಡದ ಮನುಷ್ಯ. ಈಗ ಏನೇ ಇದು?" ಎಂದ ಗಂಡ.

"ನೀವೊಬ್ರು, ಮೊಸರಲ್ಲಿ ಕಲ್ಲು ಹುಡುಕ್ತೀರಿ" ಎಂದು ಆಕೆ ಪುಸ್ತಕ ತೆರೆದಳು.

ನಲವತ್ತಾರರ ವಯಸ್ಸಿನಲ್ಲಿ ಪರೀಕ್ಷೆಗೆ ಕೂತು ಒಂದೇ ಏಟಿಗೆ ಪಾಸಾದಳು. ವಕೀಲರು ಆಕೆಯ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ತಮ್ಮದಕ್ಕಿಂತ ಮೇಲೆ, ಬಂದವರ ಕಣ್ಣಿಗೆ ಮೊದಲು ಬೀಳುವ ಕಡೆ ತೂಗುಹಾಕಿದರು. ಆಕೆಗೆ ಹೆಮ್ಮೆಯಾಯಿತು. ಯಾಕೋ ಆ ಗೋಡೆಯ ಕಡೆ ಬೆನ್ನು ಮಾಡಿ ಕೂರಲು ಮಾತ್ರ ಇಷ್ಟವಾಗಲಿಲ್ಲ.

ಮುಂದಿನ ಸೋಮವಾರ ಮೇಜಿನ ಮೇಲೆ ಹನ್ನೊಂದು ಫೈಲುಗಳಿದ್ದವು. ನಂಬರು, ಸಹಿ ಹಾಕು, ದಿನಾಂಕ ಬೇಡ ಎಂದು ವಕೀಲರು ಒಳಗೆ ಹೋದರು. ಮೊದಲ ಆರು ಆಕೆಯೇ ಬರೆದವು. ಏಳನೆಯದರಲ್ಲಿದ್ದ ಕಾಗದವನ್ನು ಆಕೆ ಎಂದೂ ಕಂಡಿರಲಿಲ್ಲ. ಅವರ ಹಳೆಯ ಕಕ್ಷಿಗಾರಳಾದ ಒಬ್ಬ ಮುದುಕಿ ತನ್ನ ಮನೆಯನ್ನು ಪೂರ್ತಿ ಹಿರಿಮಗನಿಗೆ ಬಿಟ್ಟುಕೊಟ್ಟ ಹೇಳಿಕೆ. ಕೆಳಗೆ, "ಈಕೆಯನ್ನು ನಾನು ಬಲ್ಲೆ, ನನ್ನೆದುರಿಗೇ ಹೆಬ್ಬೆಟ್ಟು ಒತ್ತಿದರು" ಎಂಬ ಸಾಲು. ಅದರ ಕೆಳಗೆ ಖಾಲಿ ಜಾಗ.

ಹೇಳಿಕೆಯ ತಾರೀಖು ನೋಡಿ ಫೈಲಕ್ಕ ಪೆನ್ನು ಕೆಳಗಿಟ್ಟಳು. ಅದೇ ದಿನ ಸಂಜೆ ಮುದುಕಿಗೆ ವಾಯಿದೆಯ ವಿಷಯ ತಿಳಿಸಲು ಆಕೆ ಆಸ್ಪತ್ರೆಗೆ ಹೋಗಿದ್ದಳು. ಮುದುಕಿಯ ಮೂಗಿಗೆ, ಬಾಯಿಗೆ ಕೊಳವೆ. ಎರಡು ದಿನದಿಂದ ಕಣ್ಣೇ ತೆರೆದಿಲ್ಲವೆಂದು ಮಗಳು ಅಳುತ್ತಿದ್ದಳು. ಹೊದಿಕೆಯ ಹೊರಗಿದ್ದ ಕೈಯ ಹೆಬ್ಬೆರಳಿಗೆ ನೀಲಿ ಮಸಿ ಹತ್ತಿತ್ತು. ಆಸ್ಪತ್ರೆಯವರು ಯಾವುದಕ್ಕೋ ಒತ್ತಿಸಿಕೊಂಡಿರಬೇಕು ಎಂದುಕೊಂಡು ಬಂದುಬಿಟ್ಟಿದ್ದಳು. ನಾಲ್ಕನೆಯ ದಿನ ಮುದುಕಿ ತೀರಿಕೊಂಡಿದ್ದಳು.

ಫೈಲು ಹಿಡಿದು ಒಳಗೆ ಹೋದಳು. "ಸಾರ್, ಇದು ನಾನು ಬರೆದದ್ದಲ್ಲ. ಅವತ್ತು ಆಯಮ್ಮಂಗೆ ಪ್ರಜ್ಞೆನೇ ಇರ್ಲಿಲ್ಲ."

ವಕೀಲರು ಪೆನ್ನಿನ ಕ್ಯಾಪು ಮುಚ್ಚಿದರು. ಹತ್ತೊಂಬತ್ತು ವರ್ಷ ಆಕೆಯನ್ನು 'ನೀನು' ಎಂದೇ ಕರೆದವರು.

"ನೀವು ಸ್ವಲ್ಪ ಯೋಚನೆ ಮಾಡಿ. ನೋಡದೇನೇ 'ನನ್ನೆದುರಿಗೆ' ಅಂತ ನೀವು ಬರೆದಿರೋ ಕಾಗದ ಎಷ್ಟಿದೆ, ನಿಮಗೇ ಗೊತ್ತು."

ಆ 'ನೀವು' ಕೇಳಿ ಆಕೆ ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದಳು. ಅವರು ಹೇಳಿದ್ದು ಸುಳ್ಳೂ ಅಲ್ಲ. ವಕೀಲರು ಹೇಳಿದರೆಂದು, ಚಿಕ್ಕಪುಟ್ಟ ವಿಷಯವೆಂದು, ಎರಡು ಸಲ ಹಾಗೆ ಬರೆದಿದ್ದಳು.

ಮರುದಿನ ಕಚೇರಿಯ ಬದಲು ಮಂಡಳಿಗೆ ಹೋಗಿ ಎಲ್ಲ ಹೇಳಿದಳು, ತನ್ನ ಎರಡನ್ನೂ ಸೇರಿಸಿ. ಅಧಿಕಾರಿ ಹೆಂಗಸು ಬರೆಯುವುದನ್ನು ನಿಲ್ಲಿಸಿ, ಇದನ್ನೂ ಬರೆದುಕೊಳ್ಳಲೇ ಎಂದು ಕೇಳಿದಳು.

"ಬರ್ಕೊಳ್ಳಿ."

ವಕೀಲರ ಮೇಲೆ ವಿಚಾರಣೆ ಶುರುವಾಯಿತು. ಮುದುಕಿಯ ಮಗಳು ಆ ಹೇಳಿಕೆ ಸುಳ್ಳೆಂದು ಕೋರ್ಟಿಗೆ ಹೋದಳು, ಅದಕ್ಕೆ ಫೈಲಕ್ಕನೇ ಸಾಕ್ಷಿ. ಆಕೆಯ ನಂಬರನ್ನು ಒಂದು ವರ್ಷ ತಡೆಹಿಡಿದರು. ಉಂಡ ಮನೆಯ ಜಂತೆ ಎಣಿಸಿದವಳೆಂದು ಬೇರೆ ಕಚೇರಿಗಳೂ ಬಾಗಿಲು ಹಾಕಿದವು. ಆಕೆ ಗಂಡನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಕೂತಳು.

ಒಂದು ಮಧ್ಯಾಹ್ನ ಮುದುಕಿಯ ಹಿರಿಮಗ ಅಲ್ಲಿಗೆ ಬಂದ. ಅಂಗಿಗೆ ಅಳತೆ ಕೊಡುತ್ತ, ಕೈ ಚಾಚಿ ನಿಂತಲ್ಲಿಂದಲೇ, ಸಾಕ್ಷಿ ಹೇಳುವುದು ಯಾವತ್ತು ಎಂದು ಮೆಲ್ಲಗೆ ವಿಚಾರಿಸಿದ. ಗಂಡನ ಕೈಯ ಟೇಪು ಅಲ್ಲೇ ನಿಂತಿತು.

"ಇಪ್ಪತ್ತೊಂದಕ್ಕೆ. ಹತ್ತೂವರೆಗೆ" ಎಂದಳು ಫೈಲಕ್ಕ, ದಾರ ಕಡಿದು.

ಆತ ತಲೆಯಾಡಿಸಿ, ಬಟ್ಟೆಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಇಪ್ಪತ್ತೊಂದರಂದು ಗಂಡ ಅಂಗಡಿ ಮುಚ್ಚಿ ಕೋರ್ಟಿಗೆ ಜೊತೆಗೆ ನಡೆದ. ಆಕೆ ಆಸ್ಪತ್ರೆಯಲ್ಲಿ ಕಂಡದ್ದನ್ನು ಕಂಡಂತೆ ಹೇಳಿದಳು. ಮುಂದೆ ಕೋರ್ಟು ಆ ಹೇಳಿಕೆಯನ್ನು ತಳ್ಳಿಹಾಕಿತು, ಮಗಳ ಪಾಲು ಉಳಿಯಿತು. ಅಂದು ಸಾಕ್ಷಿ ಮುಗಿಸಿ ಹೊರಬರುವಾಗ ಹಿರಿಮಗ ಬಾಗಿಲಲ್ಲೇ ನಿಂತಿದ್ದ. ಬಹಳ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ಆಕೆಗೆ ದಾರಿ ಬಿಟ್ಟ.

ಅಂದಿನಿಂದ ದರ್ಜಿ ತನ್ನ ಯಂತ್ರವನ್ನು ಬೀದಿಯ ಕಡೆಗೆ ತಿರುಗಿಸಿಟ್ಟುಕೊಂಡು, ಬಾಗಿಲ ಮೇಲೆ ಒಂದು ಕಣ್ಣಿಟ್ಟೇ ಹೊಲಿಯುತ್ತಾನೆ.