ಮರುಳು ಮಾಡಿದವರು ಯಾರು?

ಕಳೆದ ಭಾನುವಾರ ಬೆಳಗ್ಗೆ ಮೂವರು ನನ್ನ ಜಗುಲಿಯ ಮೇಲೆ ಕುಳಿತು ಒಂದೇ ಒಂದು ಪದಕ್ಕಾಗಿ ಒಂದೂವರೆ ಗಂಟೆ ಹೆಣಗಿದರು. ಆ ಪದ ಸಿಕ್ಕಿದ್ದರೆ ಒಬ್ಬ ಹೆಂಗಸಿನ ಕೆಲಸ ಹೋಗುತ್ತಿತ್ತು.

ಬಂದವರು ಶಿಡ್ಲಘಟ್ಟದ ಪಕ್ಕದ ಹಳ್ಳಿಯ ಕೃಷ್ಣಪ್ಪ, ಆತನ ಅಕ್ಕ ನಾಗರತ್ನಮ್ಮ, ಆಕೆಯ ಮಗ ಮಂಜು. ಕೃಷ್ಣಪ್ಪನಿಗೆ ಐವತ್ತೆಂಟು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದೆ. ಅರ್ಧ ಎಕರೆಯಲ್ಲಿ ಸೊಪ್ಪು, ಬೀನ್ಸ್ ಬೆಳೆದು ಊರ ಶಾಲೆಯ ಬಿಸಿಯೂಟಕ್ಕೂ ಕೊಡುತ್ತಾನೆ.

"ಮೇಷ್ಟ್ರೇ, ಒಂದು ಅರ್ಜಿ ಬರ್ಕೊಡ್ಬೇಕು" ಎಂದರು ನಾಗರತ್ನಮ್ಮ. (ನಾನು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಏಳನೇ ತರಗತಿಯ ಆಚೆಗಿನ ಓದೆಲ್ಲ ಲೈಬ್ರರಿಯ ಬೆಂಚಿನ ಮೇಲೆ ಆದದ್ದು. ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದೇ ಕೂದಲು ನರೆಯಿತು.)

"ಯಾರ ಮೇಲಮ್ಮ?"

"ಅವಳೇ, ಬಿಸಿಯೂಟ ಮಾಡ್ತಾಳಲ್ಲ ಸರೋಜ. ಗಂಡ ಇಲ್ಲ, ಕೇಳೋರಿಲ್ಲ. ನಮ್ಮ ತಮ್ಮನ್ನ ಬುಟ್ಟಿಗೆ ಹಾಕ್ಕೊಂಡಿದ್ದಾಳೆ. ಅವಳನ್ನ ಕೆಲಸದಿಂದ ತೆಗೀಬೇಕು ಅಂತ ಹೆಡ್‌ಮೇಡಂಗೆ ಬರೀರಿ. ಸಹಿ ಇವನೇ ಹಾಕ್ತಾನೆ."

ವಿಷಯ ಇಷ್ಟು. ಕೃಷ್ಣಪ್ಪ ಒಂದು ದಿನ ಊಟಕ್ಕೆ ಕುಳಿತವನು, ಸರೋಜಮ್ಮ ಎಂದರೆ ತನಗೆ ಇಷ್ಟ ಎಂದು ಮನೆಯವರ ಎದುರು ಹೇಳಿಬಿಟ್ಟಿದ್ದಾನೆ. ಅದೇ ಹೊತ್ತಿಗೆ ಅವನ ಮಗಳಿಗೆ ಗೌರಿಬಿದನೂರಿನ ಕಡೆ ಸಂಬಂಧ ಕೂಡಿಬರುತ್ತಿದೆ. ಅಪ್ಪನ ತಪ್ಪಲ್ಲ, ಆ ಹೆಂಗಸಿನದೇ ತಪ್ಪು ಎಂದು ಕಾಗದದ ಮೇಲೆ ಇದ್ದರೆ ಬೀಗರ ಬಾಯಿ ಮುಚ್ಚಿಸಬಹುದು ಎಂಬುದು ಅಕ್ಕನ ಲೆಕ್ಕಾಚಾರ. ಮಗಳ ಹೆಸರು ಹೇಳಿದ ಮೇಲೆ ಅಪ್ಪ ಸಹಿಗೆ ಒಪ್ಪಿದ್ದಾನೆ.

ನಾನು ಪೆನ್ನಿನ ಕ್ಯಾಪ್ ತೆಗೆದೆ. "ಬುಟ್ಟಿಗೆ ಹಾಕಿಕೊಂಡಳು ಅಂತ ಅರ್ಜಿಯಲ್ಲಿ ಬರೆಯೋಕಾಗಲ್ಲ. ಬೇರೆ ಪದ ಹೇಳಿ."

"ಟ್ರ್ಯಾಪ್ ಮಾಡಿದ್ದಾಳೆ ಅಂತ ಹಾಕಿ ತಾತ" ಎಂದ ಮಂಜು.

"ಮಂಕುಬೂದಿ ಎರಚಿದ್ದಾಳೆ ಅನ್ನಿ. ವಶೀಕರಣ ಅನ್ನಿ. ಮಾ ತಮ್ಮುಡು ಅಮಾಯಕುಡು!" (ನಾಗರತ್ನಮ್ಮನನ್ನು ಕೊಟ್ಟಿರುವುದು ಚಿಂತಾಮಣಿಯ ಆಚೆಗೆ. ತಮ್ಮ ಅಮಾಯಕ ಎಂದು ಸಾಧಿಸುವಾಗ ಅವರಿಗೆ ತೆಲುಗೇ ಬೇಕು.)

ಓದುಗರೇ, ಇಂಥ ಪದಗಳನ್ನು ನಾನು ಬಹಳ ಕಾಲದಿಂದ ಅನುಮಾನದಿಂದ ನೋಡುತ್ತಾ ಬಂದಿದ್ದೇನೆ. ನಿಘಂಟುಗಳು ಇವನ್ನೆಲ್ಲ ಒಂದೇ ಸಾಲಿನಲ್ಲಿ ಒಂದರ ಅರ್ಥ ಇನ್ನೊಂದು ಎಂಬಂತೆ ಕೂರಿಸುತ್ತವೆ. ನಾನು ಒಪ್ಪುವುದಿಲ್ಲ. ವಶೀಕರಣ ಎಂದರೆ ಮಂತ್ರ ಬೇಕು, ಮಾಡುವವರು ಬೇಕು. ಪುಸಲಾಯಿಸಬೇಕಾದರೆ ಸಿಹಿಯಾದ ನಾಲಿಗೆ ಬೇಕು, ಜೊತೆಗೆ ಎದುರಿಗಿರುವವರಿಗೆ ಬುದ್ಧಿ ಕಡಿಮೆ ಇರಬೇಕು. ಮರುಳಾಗುವುದಕ್ಕೆ ಇದಾವುದೂ ಬೇಡ, ಮನುಷ್ಯ ತಾನಾಗಿಯೇ ಆಗಬಲ್ಲ. ಮೋಹವಂತೂ ಪೂರ್ತಿ ಮೋಹಗೊಂಡವನದೇ ಆಸ್ತಿ. ಸೆಳೆತದಲ್ಲಿ ಯಾರ ಅಪರಾಧವೂ ಇಲ್ಲ. ಹೊಳೆಯ ಮೇಲೆ ಯಾರಾದರೂ ಅರ್ಜಿ ಕೊಡುತ್ತಾರೆಯೇ?

ಇನ್ನೊಂದು ಸೋಜಿಗವಿದೆ. ಗಂಡಸು ಹಿಂದೆ ಬಿದ್ದು ಹೆಣ್ಣು ಒಪ್ಪಿದರೆ 'ಒಲಿಸಿಕೊಂಡ' ಎನ್ನುತ್ತೇವೆ. ಅದೇ ಕೆಲಸ ಹೆಣ್ಣು ಮಾಡಿದರೆ ಬಲೆ, ಗಾಳ, ಬುಟ್ಟಿ! ಗಂಡಸಿಗೆ ಪದಕ, ಹೆಂಗಸಿಗೆ ಮೀನುಗಾರಿಕೆಯ ಸಾಮಾನು. ಈ ಹಂಚಿಕೆ ಮಾಡಿದವರು ಯಾರು?

ಇರಲಿ. ನನಗೊಂದು ಹಟವಿದೆ. ಅರ್ಜಿ ಎಂದ ಮೇಲೆ ಯಾರು, ಯಾವಾಗ, ಏನು ಮಾಡಿದರು ಎಂಬುದು ಇರಲೇಬೇಕು. "ಏನು ಮಾಡಿದಳು? ಒಂದು ಹೇಳಿ" ಎಂದೆ.

"ಯುಗಾದೀಲಿ ನಾನು ಬಂದಿದ್ದಾಗ ಒಬ್ಬಟ್ಟು ಕಳ್ಸಿದ್ಲು."

"ನಿಮ್ಮ ಮನೆಗೊಂದಕ್ಕೇನಾ?"

"ಬೀದಿಗೆಲ್ಲಾ ಕಳ್ಸಿದ್ಲು. ಆದ್ರೆ ಇವನಿಗೆ ನಾಲ್ಕು."

ಕೃಷ್ಣಪ್ಪ ಆಗ ಮೊದಲ ಸಲ ಬಾಯಿ ತೆರೆದ. "ಎರಡು ಕಣಕ್ಕ. ಇನ್ನೆರಡು ನೀನೇ ಕೊಟ್ಟಿದ್ದು."

ಮಂಜು ನಗು ತಡೆಯಲಾರದೆ ಫೋನಿಗೆ ಮುಖ ಹಾಕಿದ. "ಏನೋ ಕಿಸೀತೀಯಾ?" ಎಂದು ತಾಯಿ ಗದರಿದರು.

ಕೊನೆಗೆ ನಾಗರತ್ನಮ್ಮ ಹೇಳಿದಂತೆಯೇ, 'ಮರುಳು ಮಾಡಿ' ಎಂಬ ಪದ ಹಾಕಿ, ಒಂದು ಪುಟ ಬರೆದೆ. ಆದರೆ ಅರ್ಜಿ ಬರೆಯುವವರಲ್ಲಿ ಒಂದು ಪದ್ಧತಿಯುಂಟು. ಬರೆದದ್ದನ್ನು ಸಹಿ ಹಾಕುವವನಿಗೆ ಗಟ್ಟಿಯಾಗಿ ಓದಿ ಹೇಳಬೇಕು. 'ಓದಿಸಿ ಕೇಳಿರುತ್ತೇನೆ, ಸರಿಯಾಗಿರುತ್ತದೆ' ಎಂಬ ಸಾಲಿನ ಕೆಳಗೇ ಸಹಿ ಬೀಳಬೇಕು. ಹರೆಯದಲ್ಲಿ ಒಮ್ಮೆ ಅವಸರಕ್ಕೆ ಹಾಗೆ ಓದದೆ ಸಹಿ ಹಾಕಿಸಿದ್ದೆ. ಒಬ್ಬ ಹೆಣ್ಣುಮಗಳು ಊರು ಬಿಟ್ಟಳು. ಆಮೇಲೆ ನಾನು ಆ ತಪ್ಪು ಮಾಡಿಲ್ಲ.

ಓದತೊಡಗಿದೆ. "ಸದರಿ ಸರೋಜಮ್ಮನವರು ದಿನಂಪ್ರತಿ ನನ್ನ ತೋಟಕ್ಕೆ ಬಂದು..."

"ಬಂದಿಲ್ಲ ಮೇಷ್ಟ್ರೇ. ನಾನೇ ಸ್ಕೂಲ್‌ಗೆ ಹೋಗ್ತಿದ್ದೆ, ಸೊಪ್ಪು ಕೊಡೋಕೆ."

ಹೊಡೆದು ಹಾಕಿದೆ. "ಪದೇಪದೇ ಫೋನ್ ಮಾಡಿ..."

"ಮಾಡ್ತಿದ್ದಿದ್ದು ನಾನು. ನಾಳೆ ಯಾವ ಸೊಪ್ಪು ತರ್ಲಿ ಅಂತ."

ಹೊಡೆದು ಹಾಕಿದೆ. "ನಯವಾದ ಮಾತುಗಳಿಂದ ನನ್ನನ್ನು ಮರುಳು ಮಾಡಿ..."

ಕೃಷ್ಣಪ್ಪ ಅಕ್ಕನ ಕಡೆ ನೋಡಲಿಲ್ಲ. "ನಯವಾಗಿ ಎಲ್ ಮಾತಾಡಿದ್ಲು? ಮೊದಲ ದಿನಾನೇ ಬೈದ್ಲು. 'ಏನಯ್ಯಾ, ಈ ಬಾಡಿರೋ ದಂಟಿನ ಸೊಪ್ಪು ನಿನ್ನ ಮಕ್ಕಳಿಗೆ ಹಾಕ್ತೀಯಾ? ವಾಪಸ್ ತಗೊಂಡೋಗು' ಅಂತ. ನಾಲ್ಕು ವರ್ಷ ಆಗಿತ್ತು ಮೇಷ್ಟ್ರೇ, ನನ್ನ ಒಬ್ರೂ ಬೈದಿರ್ಲಿಲ್ಲ. ಎಲ್ರೂ ಪಾಪ, ಪಾಪ ಅಂತಿದ್ರು."

ಅದನ್ನೂ ಹೊಡೆದು ಹಾಕಿದೆ. ಕಾಗದದಲ್ಲಿ ಆತನ ಹೆಸರು, ವಿಳಾಸ, 'ತಮ್ಮ ವಿಶ್ವಾಸಿ' ಇಷ್ಟೇ ಉಳಿದಿದ್ದವು. ಬಾಡಿದ ಸೊಪ್ಪು ವಾಪಸು ಕಳುಹಿಸಿದ್ದಕ್ಕೆ ಯಾವ ಪದ ಹಾಕಲಿ? ಟ್ರ್ಯಾಪೇ?

"ಮಗಳ ಮುಖ ನೋಡೋ" ಎಂದರು ನಾಗರತ್ನಮ್ಮ. ಅವರನ್ನೂ ನಾನು ದೂರಲಾರೆ, ತಾಯಿಯಿಲ್ಲದ ಹುಡುಗಿಯ ಮದುವೆಯ ಭಾರ ಅವರ ತಲೆಯ ಮೇಲಿದೆ. "ನೀವು ಬರೀದಿದ್ರೆ ಬಿಡಿ. ಟೈಪಿಂಗ್ ಅಂಗಡೀಲಿ ಬರೆಸ್ತೀನಿ. ಅಲ್ಲಿ ಯಾರೂ ಓದಲ್ಲ" ಎಂದು ಎದ್ದರು.

ಮೂರು ದಿನ ನನಗೆ ಸಮಾಧಾನವಿರಲಿಲ್ಲ. ಬುಧವಾರ ಬೆಳಗ್ಗೆ ಕೃಷ್ಣಪ್ಪನೇ ಬಂದ. ಟೈಪು ಮಾಡಿಸಿದ ಕಾಗದಕ್ಕೆ ತಾನು ಸಹಿ ಹಾಕಿಲ್ಲ ಎಂದ. ಮುಖ್ಯೋಪಾಧ್ಯಾಯಿನಿಯ ಬಳಿ ಹೋಗಿ, "ಆಯಮ್ಮನದು ಏನೂ ತಪ್ಪಿಲ್ಲ, ಮನಸ್ಸು ಹೋಗಿದ್ದು ನಂದು" ಎಂದು ಹೇಳಿ ಬಂದಿದ್ದಾನೆ. ಕೆಲಸಕ್ಕೇನೂ ತೊಂದರೆಯಿಲ್ಲ ಎಂದರಂತೆ ಅವರು. ಗೌರಿಬಿದನೂರಿನವರಿಗೂ ತಾನೇ ಹೋಗಿ ಹೇಳುತ್ತಾನಂತೆ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು.

ನನಗೆ ಹೆಮ್ಮೆಯಾಯಿತು, ಸುಳ್ಳೇಕೆ? ಒಂದು ಅರ್ಜಿ ಬರೆಯದೆ ಒಬ್ಬ ಹೆಂಗಸಿನ ಅನ್ನ ಉಳಿಸಿದೆನಲ್ಲ! ಸುದ್ದಿ ತಿಳಿಸಲು ಮಧ್ಯಾಹ್ನವೇ ಶಾಲೆಗೆ ಹೋದೆ. ಸರೋಜಮ್ಮ ಅಡುಗೆ ಕೋಣೆಯ ಬಾಗಿಲಲ್ಲಿ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಎಲ್ಲವನ್ನೂ ಹೇಳಿ, "ಕೃಷ್ಣಪ್ಪ ಒಳ್ಳೆಯವನಮ್ಮ. ನೀವಿಬ್ಬರೂ ಇನ್ನು ಧೈರ್ಯವಾಗಿರಿ" ಎಂದು ಹಾರೈಸಿದೆ.

ಆಕೆ ಮೊರ ಕೆಳಗಿಟ್ಟರು.

"ನಾವಿಬ್ಬರೂನಾ? ಆವಯ್ಯ ನಂಗೆ ಸೊಪ್ಪಿನ ವಿಷಯ ಬಿಟ್ಟು ಇನ್ನೊಂದು ಮಾತಾಡಿಲ್ಲ ಸ್ವಾಮಿ. ಅಕ್ಕನಿಗೆ ಹೇಳಿದ್ರು, ಹೆಡ್‌ಮೇಡಂಗೆ ಹೇಳಿದ್ರು, ನಿಮಗೂ ಹೇಳಿದ್ರು. ನಂಗೆ ಇಷ್ಟಾನಾ ಅಂತ ಯಾರ್ ಕೇಳಿದ್ರಿ?"

ಚಪ್ಪಲಿ ಮೆಟ್ಟಿ ಹಿಂದಿರುಗಿದೆ. ಊರಿನ ಪ್ರತಿಯೊಂದು ಮಾತನ್ನೂ ಅನುಮಾನಿಸುವ ನಾನು, ಆಕೆಗೂ ಆತನ ಮೇಲೆ ಮನಸ್ಸಿದೆ ಎಂಬುದನ್ನು ಯಾರ ಮಾತು ಕೇಳಿ ನಂಬಿದೆ?