ಚಾವಿ ಯಾರ ಕಡೆ ಅದರಿ: ಹೊಳಬಸಪ್ಪನವರು ಕಲಿಸಿದ ಪ್ರಶ್ನೆ

ಕೊಡುವ ಕೈಗೂ ಪಡೆಯುವ ಕೈಗೂ ನಡುವೆ ಹಿಂದೆ ಒಂದು ಹೊಸ್ತಿಲಿನಷ್ಟೇ ದೂರವಿತ್ತು. ಈಗ ಆ ನಡುವೆ ಒಂದು ಜಾಲತಾಣವೂ ಒಂದು ಗುಂಡಿಯೂ ಒಂದು ಗುಪ್ತಸಂಖ್ಯೆಯೂ ಬಂದು ಕುಳಿತಿವೆ. ಅಂತರ್ಜಾಲವೆಂಬ ಮಾತಿನಲ್ಲೇ ಅಂತರವೂ ಇದೆ, ಜಾಲವೂ ಇದೆ. ಈ ಎರಡರಿಂದಲೂ ದಾನಿಯನ್ನು ಪಾರುಮಾಡಿ, ಆತನ ನೆರವು ಮುಟ್ಟಬೇಕಾದಲ್ಲಿಗೆ ಮುಟ್ಟಿತೆಂದು ಕಣ್ಣಾರೆ ಕಂಡು ಬಂದು ಹೇಳುವವರೊಬ್ಬರು ಬೇಕಾಗುತ್ತದೆ. ದಾನಿಗಳನ್ನೂ ಸಣ್ಣ ಯೋಜನೆಗಳನ್ನೂ ಜಾಲತಾಣದಲ್ಲಿ ಜೋಡಿಸುವ ಪುಣೆಯ ನಮ್ಮ ‘ಪಸಾಭರ’ ಸಂಸ್ಥೆಯಲ್ಲಿ ಹನ್ನೆರಡು ವರ್ಷಗಳ ಕಾಲ ಆ ಒಬ್ಬರಾಗಿದ್ದವರು ಸ್ಥಳ ಪರಿಶೀಲನಾ ವಿಭಾಗದ ಮುಖ್ಯಸ್ಥರಾದ ಶ್ರೀ ಹೊಳಬಸಪ್ಪ ಮುಗಳಖೋಡ ಅವರು. ವಿಭಾಗದಲ್ಲಿ ಬಹುಕಾಲ ಅವರೊಬ್ಬರೇ ಇದ್ದುದರಿಂದ ಮುಖ್ಯಸ್ಥರೂ ಅವರೇ, ಕಾಲಾಳೂ ಅವರೇ. ಕಾಲಾಳಾಗಿಯೇ ಅವರು ಹೆಚ್ಚು ಬೆಳಗಿದರೆಂಬುದು ನನ್ನ ನಮ್ರ ಅಭಿಪ್ರಾಯ.

‘ಪಸಾಭರ’ವೆಂದರೆ ಮರಾಠಿಯಲ್ಲಿ ಬೊಗಸೆ ತುಂಬ. ಹಡಪಸರದ ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಆರತಿತಾಯಿ ಇದನ್ನು ಆರಂಭಿಸಿದಾಗ ಜಮಖಂಡಿ ಸೀಮೆಯ ಹೊಳಬಸಪ್ಪನವರು ಇಲ್ಲಿಯ ಒಂದು ಲಾರಿ ಸಾಗಣೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮಾಲು ಮುಟ್ಟಿದ ಮೇಲೆ ರಸೀದಿ, ಮುಟ್ಟುವ ಮೊದಲು ಅಲ್ಲ ಎಂಬ ಮೂವತ್ತು ವರ್ಷದ ಶಿಸ್ತು ಅವರದು. ಅವರು ನಮ್ಮಲ್ಲಿಗೆ ಮೊದಲು ಬಂದದ್ದು ನೌಕರರಾಗಿ ಅಲ್ಲ, ದಾನಿಯಾಗಿ. ಕುರಕುಂಭದ ಕಡೆಯ ಹೆಣ್ಣುಮಕ್ಕಳ ಹೊಲಿಗೆ ಕೇಂದ್ರವೊಂದಕ್ಕೆ ಮಗಳ ಕೈಯಿಂದ ಫೋನಿನಲ್ಲಿ ಗುಂಡಿ ಒತ್ತಿಸಿ ನೆರವು ಕಳಿಸಿದವರು, ಮುಂದಿನ ಭಾನುವಾರ ರೊಟ್ಟಿ ಕಟ್ಟಿಸಿಕೊಂಡು, ಮಾಲು ಮುಟ್ಟಿತೋ ಇಲ್ಲವೋ ನೋಡಲು ಬಸ್ಸು ಹತ್ತಿದರು. ತಾಣದ ಫೋಟೋದಲ್ಲಿ ಕಂಡಂತೆ ಯಂತ್ರಗಳು ಮುಟ್ಟಿದ್ದವು. ಆದರೆ ಕೋಣೆಗೆ ಬೀಗವಿತ್ತು, ಬೀಗದ ಕೈ ಕೇಂದ್ರದ ಕಾರ್ಯದರ್ಶಿಗಳ ಬಳಿಯಿತ್ತು, ಕಾರ್ಯದರ್ಶಿಗಳು ಪುಣೆಯಲ್ಲಿದ್ದರು. ಹೆಣ್ಣುಮಕ್ಕಳು ಕಿಟಕಿಯ ಸರಳುಗಳ ನಡುವಿನಿಂದ ತಮ್ಮ ಯಂತ್ರಗಳನ್ನು ಅವರಿಗೆ ತೋರಿಸಿದರಂತೆ.

ಸೋಮವಾರ ಅವರು ಆರತಿತಾಯಿಯವರ ಮೇಜಿನೆದುರು ಬಂದು ನಿಂತು ಹೇಳಿದ್ದು ಇಷ್ಟು: “ನಿಮ್ಮ ಫೋಟೋ ಖರೆ ಅದರಿ. ಆದ್ರ ಫೋಟೋದಾಗ ಚಾವಿ ಕಾಣಂಗಿಲ್ಲ.” ಆ ಮಾತಿಗೆ ಆರತಿತಾಯಿ ಅವರಿಗೆ ಕೆಲಸ ಕೊಟ್ಟರು. ಸಾಗಣೆ ಕಚೇರಿ ಅದೇ ವರ್ಷ ಮುಚ್ಚಿದ್ದರಿಂದ ಹೊಳಬಸಪ್ಪನವರು ತಮ್ಮ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಎರಡನೆಯ ಬಾರಿ ಹೊಸ ನೌಕರರಾದರು.

ಅಂದಿನಿಂದ ಯಾವ ಯೋಜನೆಯೂ ಅವರು ಹೋಗಿ ಆ ಒಂದು ಪ್ರಶ್ನೆ ಕೇಳದೆ ನಮ್ಮ ತಾಣಕ್ಕೆ ಏರಿದ್ದಿಲ್ಲ. ಶೌಚಾಲಯವಿರಲಿ, ಗ್ರಂಥಾಲಯವಿರಲಿ, ನೀರಿನ ಟಾಕಿಯಿರಲಿ, ಅವರು ಅಧ್ಯಕ್ಷರ ಭಾಷಣವನ್ನು ಪೂರ್ತಿ ಕೇಳಿ, ಚಹಾ ಕುಡಿದು, ಹೊರಗೆ ಬಂದು, ಅದನ್ನು ಬಳಸಬೇಕಾದವರಲ್ಲಿ ತೀರ ಕೊನೆಗೆ ನಿಂತವರನ್ನು ವಿಚಾರಿಸುತ್ತಿದ್ದರು: “ಚಾವಿ ಯಾರ ಕಡೆ ಅದರಿ?” ಹಾಗೆಯೇ ಪ್ರತಿ ಭೇಟಿಯ ನಂತರ ದಾನಿಗಳಿಗೆ ಅವರೇ ಫೋನು ಮಾಡುತ್ತಿದ್ದರು. ಕೊಂಢವಾದಲ್ಲಿ ಸಣ್ಣ ವೆಲ್ಡಿಂಗ್ ಅಂಗಡಿಯಿಟ್ಟಿದ್ದ ಸುಂದರ ಎಂಬುವರು ಶಾಲೆಯೊಂದರ ಉಯ್ಯಾಲೆಗೆ ನೆರವಾದಾಗ, ಫೋನಿನಲ್ಲಿ ಹೇಳಿದ್ದು ಸಾಲದೆಂದು ಅವರನ್ನು ಕರೆದುಕೊಂಡೇ ಹೋದರು. ಸುಂದರ ಅವರು ಉಯ್ಯಾಲೆಯನ್ನು ನೋಡಿ ಸಂತೋಷಪಡಲಿಲ್ಲ. ಬೆಸುಗೆ ಸರಿಯಿಲ್ಲವೆಂದರು, ಮರುವಾರ ತಮ್ಮ ಸಲಕರಣೆ ತಂದು ತಾವೇ ಬೆಸೆದರು. ದಾನಿಗೂ ಯೋಜನೆಗೂ ಬೆಸುಗೆ ಹಾಕುವುದೆಂದು ನಾವು ತಾಣದ ತಲೆಬರಹದಲ್ಲಿ ಅಲಂಕಾರವಾಗಿ ಬರೆದುಕೊಂಡಿದ್ದುದನ್ನು ಹೊಳಬಸಪ್ಪನವರು ಹೀಗೆ ಅಕ್ಷರಶಃ ಮಾಡಿಸಿದರು.

ಅವರ ಶ್ರೀಮತಿಯವರಾದ ಪಾರವ್ವನವರ ಅಭಿಪ್ರಾಯವನ್ನೂ ಇಲ್ಲಿ ದಾಖಲಿಸುವುದು ನ್ಯಾಯ. “ಊರ ಮಂದಿ ಚಾವಿ ಹುಡುಕ್ತಾರ, ಮನಿ ಚಾವಿ ಎಲ್ಲಿಟ್ಟಾರ ಕೇಳ್ರಿ, ಗೊತ್ತಿರಂಗಿಲ್ಲ.” ಇದು ನಿಜ. ಒಮ್ಮೆ ಶೇಂಗಾ ಚಟ್ನಿಯ ಆಸೆಗೆ ಅವರೊಡನೆ ಮನೆಗೆ ಹೋದ ನಾನು, ಪಾರವ್ವನವರು ಸಂತೆಯಿಂದ ಬರುವ ತನಕ ಅವರ ಜೊತೆ ಮೆಟ್ಟಿಲ ಮೇಲೆ ಕುಳಿತಿದ್ದೆ.

ನಾನು ಸಂಸ್ಥೆಗೆ ಸೇರಿದ್ದು 2021ರಲ್ಲಿ, ತುಮಕೂರಿನವನು, ತಾಣದ ಪುಟಗಳನ್ನು ಬರೆಯುವುದು ನನ್ನ ಕೆಲಸ. ಅನ್ಯರ ದನಿಯನ್ನು ಅನುಕರಿಸುವ ಚಟ ಕಾಲೇಜಿನಿಂದಲೂ ನನಗಿದೆ. ಒಂದು ಮಧ್ಯಾಹ್ನ ಚಹಾ ಹೊತ್ತಿನಲ್ಲಿ ಗೆಳೆಯರ ಮುಂದೆ ಬೆನ್ನು ಸ್ವಲ್ಪ ಬಾಗಿಸಿ, ಮೂಗಿನ ತುದಿಗೆ ಕನ್ನಡಕ ಇಳಿಸಿ, “ಚಾವಿ ಯಾರ ಕಡೆ ಅದರಿ” ಎಂದು ಅವರಂತೆಯೇ ಎಳೆದು ನುಡಿದೆ. ಯಾರೂ ನಗಲಿಲ್ಲ. ತಿರುಗಿ ನೋಡಿದರೆ ಅವರು ಬಾಗಿಲಲ್ಲಿದ್ದರು.

“ಛಲೋ ಮಾಡ್ತಿ ಮನೋಜಪ್ಪ,” ಎಂದರು. “ಆದ್ರ ಕೇಳಿದ ಮ್ಯಾಲ ನಾ ಸುಮ್ಮನ ನಿಂದರ್ತೀನಿ. ಅದನ್ನ ನೀ ಇನ್ನಾ ಕಲ್ತಿಲ್ಲ.”

ಅದನ್ನು ನಾನು ಕಲಿತ ಬಗೆಯನ್ನು ಹೇಳುವುದೇ ಈ ಲೇಖನದ ಉದ್ದೇಶ. ಅದರಲ್ಲಿ ನನಗೆ ಗೌರವ ತರುವಂಥದ್ದು ಹೆಚ್ಚೇನೂ ಇಲ್ಲ. ಅವರಿಗೆ ತರುವಂಥದ್ದು ಬೇಕಾದಷ್ಟಿದೆ.

2022ರಲ್ಲಿ ಕೊಂಢವಾದ ಒಂದು ದೊಡ್ಡ ಕಟ್ಟಡದ ಕೆಲಸದ ಜಾಗದಲ್ಲಿ ಮುನಿಯಮ್ಮ ಎಂಬಾಕೆ ಕೂಲಿಯವರ ಮಕ್ಕಳಿಗಾಗಿ ಒಂದು ಕೂಸಿನ ಮನೆ ನಡೆಸುತ್ತಿದ್ದರು. ಕೋಲಾರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಸೊಂಟಕ್ಕೆ ಪೆಟ್ಟಾದ ಮೇಲೆ ಇಟ್ಟಿಗೆ ಬಿಟ್ಟು ಮಕ್ಕಳನ್ನು ಎತ್ತಿಕೊಂಡರು. ಕಂಬಕ್ಕೆ ಕಟ್ಟಿದ ಸೀರೆಯ ಜೋಲಿಗಳು, ಒಂದು ಕರಿಹಲಗೆ, ಇಪ್ಪತ್ತೆರಡು ಮಕ್ಕಳು. ಹೊಳಬಸಪ್ಪನವರ ವಾಡಿಕೆಯ ಪ್ರಶ್ನೆಗೆ ಆಕೆ, “ಬಾಗ್ಲೇ ಇಲ್ವಲ್ಲ ಸಾಮಿ, ಬೀಗ ಎಲ್ಲಿಂದ ತರಾನ?” ಎಂದರಂತೆ. ಅವರು ತಮ್ಮ ವರದಿಯ ಕೊನೆಯಲ್ಲಿ ಹೀಗೆ ಬರೆದರು: ‘ಬಾಗಿಲಿಲ್ಲ, ಆದ್ದರಿಂದ ಬೀಗವಿಲ್ಲ. ಕಟ್ಟಡ ಮುಗಿದಾಗ ಮುನಿಯಮ್ಮನವರು ಎಲ್ಲಿಗೆ ಹೋಗುತ್ತಾರೋ ಯೋಜನೆ ಅಲ್ಲಿಗೆ ಹೋಗುತ್ತದೆ.’

ನಮ್ಮ ತಾಣದ ನಮೂನೆಯಲ್ಲಿ ಯೋಜನೆಗೆ ಒಂದೇ ವಿಳಾಸ, ನಕ್ಷೆಯ ಮೇಲೆ ಒಂದೇ ಚುಕ್ಕೆ. ಆ ಎರಡು ವಾಕ್ಯಗಳಿಗೆ ಅಲ್ಲಿ ಜಾಗವಿರಲಿಲ್ಲ. ನಾನು ಅವುಗಳನ್ನು ತೆಗೆದುಹಾಕಿದೆ. ಇನ್ನೂರ ಹದಿನಾಲ್ಕು ದಾನಿಗಳು ಆ ಪುಟವನ್ನು ನಂಬಿ ಕೂಡಿಕೊಂಡರು. ಮಕ್ಕಳಿಗೆ ಎರಡು ಹೊತ್ತಿನ ಊಟವೂ ಶುದ್ಧ ನೀರಿನ ಯಂತ್ರವೂ ಬಂದವು, ಮುನಿಯಮ್ಮನವರಿಗೆ ಒಬ್ಬ ಸಹಾಯಕಿ ಬಂದರು.

2024ರ ಮೊದಲಲ್ಲಿ ಹೊಳಬಸಪ್ಪನವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಮೂರು ವಾರ ರಜೆಯಲ್ಲಿದ್ದರು. ಮರುಪರಿಶೀಲನೆಗೆ ಹೊಸಬರೊಬ್ಬರು ನಕ್ಷೆಯ ಚುಕ್ಕೆಗೆ ಸರಿಯಾಗಿ ಹೋಗಿ ನಿಂತರು. ಅಲ್ಲಿ ಹದಿನಾಲ್ಕು ಮಹಡಿಯ ವಸತಿ ಸಮುಚ್ಚಯವಿತ್ತು, ಅದರ ಮುಂದೆ ಕಾರಂಜಿಯಿತ್ತು. ಇಂಥದ್ದೇನೂ ಇಲ್ಲಿಲ್ಲವೆಂದು ಕಾವಲುಗಾರ ಹೇಳಿದ. ಮುನಿಯಮ್ಮನವರಿಗೆ ಸ್ವಂತ ಫೋನಿರಲಿಲ್ಲ; ಜಾಗ ಬದಲಾದದ್ದನ್ನು ತಿಳಿಸಲು ಅವರ ಬಳಿ ಇದ್ದುದು ಹೊಳಬಸಪ್ಪನವರ ನಂಬರು ಮಾತ್ರ, ಆ ಫೋನನ್ನು ಪಾರವ್ವನವರು ವೈದ್ಯರ ಆಣತಿಯಂತೆ ಆರಿಸಿ ಕಪಾಟಿನಲ್ಲಿಟ್ಟಿದ್ದರು. ನಾನು ನಿಯಮದಂತೆ ಒಂದು ಗುಂಡಿ ಒತ್ತಿದೆ. ‘ಯೋಜನೆ ಸ್ಥಳದಲ್ಲಿ ಕಂಡುಬಂದಿಲ್ಲ, ನಿರ್ವಾಹಕಿ ಮುನಿಯಮ್ಮ ಸಂಪರ್ಕಕ್ಕೆ ಸಿಕ್ಕಿಲ್ಲ, ನಿಮ್ಮ ನೆರವನ್ನು ತಡೆಹಿಡಿಯಲಾಗಿದೆ’ ಎಂಬ ಪತ್ರ ಇನ್ನೂರ ಹದಿನಾಲ್ಕು ಮಂದಿಗೂ ಹೋಯಿತು.

ಅದೇ ವಾರದ ಬುಧವಾರ ಹೊಳಬಸಪ್ಪನವರು ಕಪ್ಪು ಕನ್ನಡಕ ಹಾಕಿಕೊಂಡು ಕಚೇರಿಗೆ ಮರಳಿದರು. ಓದಲು ಇನ್ನೂ ಅನುಮತಿಯಿಲ್ಲದ ಕಾರಣ ಪತ್ರವನ್ನು ನನ್ನಿಂದಲೇ ಓದಿಸಿದರು. “ಇನ್ನೊಮ್ಮೆ ಓದು,” ಎಂದರು. ಓದಿದೆ. “ಈಗ ನಾ ಬರದಿದ್ದು ಓದು.” ಮೂಲ ವರದಿಯನ್ನು ತೆಗೆದು, ನಾನು ಕತ್ತರಿಸಿದ್ದ ಆ ಎರಡು ವಾಕ್ಯಗಳನ್ನು ಓದಿದೆ. ಅವರು ಏನೂ ಅನ್ನಲಿಲ್ಲ, ಸುಮ್ಮನೆ ನಿಂತರು. ಬೈದಿದ್ದರೆ ಆ ಬೈಗುಳವನ್ನು ಸಂಜೆ ಗೆಳೆಯರ ಮುಂದೆ ಅವರ ದನಿಯಲ್ಲೇ ಆಡಿ ತೋರಿಸಿ ಹಗುರಾಗಬಹುದಿತ್ತು. ಮೌನವನ್ನು ಅನುಕರಿಸುವುದು ಹೇಗೆಂದು ನನಗೆ ತಿಳಿದಿರಲಿಲ್ಲ.

ಬುಧವಾರ ಮಧ್ಯಾಹ್ನವೇ ಇಬ್ಬರೂ ಹೊರಟೆವು. ಕಾರಂಜಿಯ ಕಾವಲುಗಾರನಿಂದ ಎದುರಿನ ಚಹಾ ಗಾಡಿಯವಳಿಗೆ, ಅವಳಿಂದ ಮರಳಿನ ಲಾರಿಯವನಿಗೆ, ಅವನಿಂದ ಕೂಲಿಯವರ ಮೇಸ್ತ್ರಿಗೆ ವಿಚಾರಿಸುತ್ತ ಹೋಗಿ, ಗುರುವಾರ ಹೊತ್ತು ಇಳಿಯುವ ಮುನ್ನ ಹಡಪಸರದಾಚೆಯ ಹೊಸ ಕಟ್ಟಡವೊಂದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಅದೇ ಕರಿಹಲಗೆಯನ್ನೂ ಅದೇ ಸೀರೆಯ ಜೋಲಿಗಳನ್ನೂ ಕಂಡೆವು. ನೀರಿನ ಯಂತ್ರವನ್ನು ಮುನಿಯಮ್ಮನವರು ಟೆಂಪೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರಂತೆ.

“ಬಂದ್ರಾ ಸಾಮಿ,” ಎಂದರು, ಏಳಲಿಲ್ಲ. “ನಾನು ಮೋಸಗಾತಿ ಅಂತ ಇನ್ನೂರು ಜನಕ್ಕೆ ಬರ್ದ್ರಂತೆ. ಇವ್ಳಿಗೆ ಓದಾಕೆ ಬರಲ್ಲ ಅನ್ನೋ ಧೈರ್ಯಾನಾ?”

“ಬರದಿದ್ದು ನಾವ ರೀ ಮುನಿಯಮ್ಮ. ತಪ್ಪು ನಮ್ಮದು,” ಎಂದರು ಹೊಳಬಸಪ್ಪನವರು. ನಾವು ಎಂದರು, ಇವನು ಎನ್ನಲಿಲ್ಲ. ಆಮೇಲೆ ಕೇಳಿದರು: “ಇಲ್ಲಿ ಬಾಗಲಾ ಅದ. ಚಾವಿ ಯಾರ ಕಡೆ ಅದರಿ?”

“ಈ ಬಿಲ್ಡಿಂಗ್ ಮ್ಯಾನೇಜರ್ ತಾವ. ನಿಮ್ಮ ಕಾಗದ ಯಾರೋ ಅವ್ರಿಗೆ ತೋರ್ಸವ್ರೆ. ಶನಿವಾರ ಹತ್ ಗಂಟೆಗೆ ಖಾಲಿ ಮಾಡ್ಬೇಕಂತೆ. ಮಕ್ಳು ಇನ್ನೇನು, ಅಮ್ಮಂದಿರ ಜೊತೆ ಮ್ಯಾಲಕ್ಕೇ ಹೋಗ್ಬೇಕು.”

ಮೇಲೆ ಎಂದರೆ ಐದನೆಯ ಮಹಡಿ; ಅದಕ್ಕೆ ಇನ್ನೂ ಗೋಡೆಯಿರಲಿಲ್ಲ.

ಶುಕ್ರವಾರ ಒಂದೇ ದಿನ ಉಳಿದಿತ್ತು. ತಪ್ಪು ನಮ್ಮದೆಂದು ತಿಳಿಸಲು ಇನ್ನೂರ ಹದಿನಾಲ್ಕು ಮಂದಿಗೂ ಫೋನು ಮಾಡಬೇಕೆಂದು ತೀರ್ಮಾನವಾದಾಗ ನಾನೊಂದು ಉಪಾಯ ಹೇಳಿದೆ. ದಾನಿಗಳು ನಂಬುವುದು ಹೊಳಬಸಪ್ಪನವರ ದನಿಯನ್ನು. ಆ ದನಿ ನನಗೂ ಬರುತ್ತದೆ. ಇಬ್ಬರೂ ಅದೇ ದನಿಯಲ್ಲಿ ಮಾತಾಡಿದರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ನಾನು ಇದನ್ನು ತಮಾಷೆಗೆ ಹೇಳಿದ್ದಲ್ಲ.

“ನನ್ನ ದನಿ ನನ್ನ ಕಡೆ ಇರ್ಲಿ,” ಎಂದರು. “ಪತ್ರ ಕಳಿಸಿದಾಂವ ನೀ. ನಿನ್ನ ಹೆಸರು ಹೇಳು, ನಿನ್ನ ದನೀಲೆ ಹೇಳು. ನಾ ಬಾಜೂಕ ಕುಂಡರ್ತೀನಿ.”

ಹಾಗೆಯೇ ಕುಳಿತರು. ಮೊದಲ ಫೋನು ಹರ್ಷದಾ ಎಂಬ ನಿವೃತ್ತ ಮುಖ್ಯೋಪಾಧ್ಯಾಯಿನಿಗೆ ಹೋಯಿತು. ನನ್ನ ಹರಕು ಮರಾಠಿಯ ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳಿ ಅವರು ಮರಾಠಿಯಲ್ಲಿ ಕೇಳಿದ್ದರ ಅರ್ಥ ಇದು: ಆಕೆ ತಪ್ಪಿತಸ್ಥೆ ಎಂದದ್ದು ಕಾಗದದಲ್ಲಿ, ನೀನು ತಪ್ಪಿತಸ್ಥ ಎನ್ನುವುದು ಬರೀ ಬಾಯಿಮಾತಿನಲ್ಲಿ, ಜನ ಯಾವುದನ್ನು ನಂಬಬೇಕು? ನಾನು ಹೊಳಬಸಪ್ಪನವರತ್ತ ನೋಡಿದೆ. “ಅಕ್ಕೋರು ಹೇಳೂದು ಖರೆ ಅದ,” ಎಂದರು. ಆ ಗಳಿಗೆಯಲ್ಲೇ ಎರಡನೆಯ ಪತ್ರ ಬರೆದು, ಮೊದಲನೆಯದು ಯಾರಿಗೆಲ್ಲ ಹೋಗಿತ್ತೋ ಅವರಿಗೆಲ್ಲ ಕಳಿಸಿದೆವು. ಕೆಳಗೆ ಆರತಿತಾಯಿಯವರ ಹೆಸರು, ನನ್ನ ಹೆಸರು. ಆಮೇಲೂ ಫೋನು ನಿಲ್ಲಿಸಲು ಹೊಳಬಸಪ್ಪನವರು ಒಪ್ಪಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಗಂಟಲು ಕಟ್ಟಿತ್ತು. ನನ್ನ ದನಿ ಎಂಥದೆಂದು ನನಗೆ ಸರಿಯಾಗಿ ತಿಳಿದದ್ದು ಆ ದಿನ.

ಹರ್ಷದಾಬಾಯಿಯವರ ಮನೆ ಆ ಕಾರಂಜಿಯ ಸಮುಚ್ಚಯದ ಆರನೆಯ ಮಹಡಿಯಲ್ಲಿತ್ತು. ತಮ್ಮ ಮನೆಯನ್ನು ಕಟ್ಟಿದವರ ಮಕ್ಕಳಿಗೇ ತಾವು ಎರಡು ವರ್ಷದಿಂದ ಊಟ ಕಳಿಸುತ್ತಿದ್ದೆವೆಂಬುದು ಅವರಿಗೆ ಗೊತ್ತಾದದ್ದು ಆಗಲೇ. ಶನಿವಾರ ಬೆಳಿಗ್ಗೆ ಅವರು ನೆರೆಹೊರೆಯ ಹನ್ನೊಂದು ಮಂದಿಯನ್ನು ಕರೆದುಕೊಂಡು ಬಂದರು. ಹತ್ತಕ್ಕೆ ಸರಿಯಾಗಿ ಮ್ಯಾನೇಜರು ಬೀಗ ಹಿಡಿದು ಬಂದರು. ಹೊಳಬಸಪ್ಪನವರು ಎರಡನೆಯ ಪತ್ರವನ್ನು ಅವರ ಕೈಗಿತ್ತರು. ವಾದ ಮಾಡಲಿಲ್ಲ, ಬೇಡಲೂ ಇಲ್ಲ. ಮ್ಯಾನೇಜರು ಓದಿ ಮುಗಿಸಿದ ಮೇಲೆ ಹಿಂದಿಯಲ್ಲಿ ಒಂದೇ ಮಾತು ಕೇಳಿದರು: ಸಾಹೇಬರೇ, ಈ ಚಾವಿ ಯಾರ ಬಳಿ ಇರಬೇಕು?

ಕೇಳಿ, ಸುಮ್ಮನೆ ನಿಂತರು. ನನ್ನ ನಾಲಿಗೆಯ ತುದಿಯಲ್ಲಿ ನಾಲ್ಕು ಮಾತು ಕುಣಿಯುತ್ತಿದ್ದವು. ನಾನೂ ಸುಮ್ಮನೆ ನಿಂತೆ. ಮ್ಯಾನೇಜರು ಕಪ್ಪು ಕನ್ನಡಕದ ಮುದುಕರನ್ನು ನೋಡಿದರು, ಹರ್ಷದಾಬಾಯಿಯವರನ್ನು ನೋಡಿದರು, ಪತ್ರವನ್ನು ಮತ್ತೆ ನೋಡಿದರು. ಒಳಗೆ ಜೋಲಿಯಲ್ಲಿ ಒಂದು ಕೂಸು ಅತ್ತಿತು. ಮುನಿಯಮ್ಮನವರು ಯಾರನ್ನೂ ಕೇಳದೆ ನಮ್ಮೆಲ್ಲರ ನಡುವೆ ಹಾದು ಹೋಗಿ ಅದನ್ನು ತೂಗಿದರು. ಅವರು ಹೊರಬಂದಾಗ ಮ್ಯಾನೇಜರು ಬೀಗವನ್ನೂ ಬೀಗದ ಕೈಯನ್ನೂ ಅವರ ಕೈಯಲ್ಲಿಟ್ಟು, “ಸಾಂಭಾಳಾ ಬಾಯಿ,” ಜೋಪಾನವಾಗಿ ನೋಡಿಕೊಳ್ಳಮ್ಮ ಎಂದು, ಮರಾಠಿಯಲ್ಲಿ ಹೇಳಿ ಹೋದರು.

ಆ ಕೂಸಿನ ಮನೆ ಅಲ್ಲಿಂದೀಚೆಗೆ ಮತ್ತೊಮ್ಮೆ ಜಾಗ ಬದಲಿಸಿದೆ. ಬೀಗವೂ ಜೊತೆಗೇ ಹೋಗಿದೆ, ಚಾವಿ ಮುನಿಯಮ್ಮನವರ ಸೆರಗಿನ ಗಂಟಿನಲ್ಲಿದೆ. ನಮ್ಮ ತಾಣದ ನಮೂನೆಯಲ್ಲೀಗ ವಿಳಾಸದ ಕೆಳಗೆ ಇನ್ನೆರಡು ಸಾಲುಗಳಿವೆ: ಯೋಜನೆ ಯಾರ ಜೊತೆ ಹೋಗುತ್ತದೆ, ಚಾವಿ ಯಾರ ಬಳಿ ಇದೆ. ಅವನ್ನು ತುಂಬದ ಯಾವ ಯೋಜನೆಯೂ ತಾಣಕ್ಕೆ ಏರುವುದಿಲ್ಲ. ಹೊಳಬಸಪ್ಪನವರ ವಿಭಾಗದಲ್ಲಿ ಈಗ ಆರು ಮಂದಿ ಇದ್ದೇವೆ. ಬರೆಯುವ ಕೆಲಸ ಬಿಟ್ಟು ನಾನೂ ಅಲ್ಲಿಗೇ ಸೇರಿದ್ದೇನೆ. ಹೊಳಬಸಪ್ಪನವರ ಕೈಕೆಳಗೆ ದುಡಿದೆನೆಂದು ಹೇಳಿಕೊಳ್ಳುವಾಗ ನನ್ನ ಎದೆ ತುಸು ಉಬ್ಬುವುದನ್ನು ಓದುಗರು ಮನ್ನಿಸಬೇಕು.

ಈಗ ನಿವೃತ್ತರಾದ ಅರವತ್ತಾರರ ಹೊಳಬಸಪ್ಪನವರಿಗೆ ನೂರು ತುಂಬಲಿ; ತಿದ್ದಿಸಿಕೊಂಡ ಕಣ್ಣುಗಳು ಬೀಗ ಬಿದ್ದ ಬಾಗಿಲುಗಳನ್ನು ಹಾಗೆಯೇ ದೂರದಿಂದ ಗುರುತಿಸುತ್ತಿರಲಿ; ಪ್ರತಿ ಗುರುವಾರ ಮುನಿಯಮ್ಮನವರಲ್ಲಿಗೆ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಅವರ ಹೊಸ ಉದ್ಯೋಗ ಮುಂದಿನ ಎಲ್ಲ ಕಟ್ಟಡಗಳಿಗೂ ಸಾಗಲಿ; ಅವರ ಮನೆಯ ಚಾವಿ ಮಾತ್ರ ಪಾರವ್ವನವರ ಬಳಿಯೇ ಭದ್ರವಾಗಿರಲಿ. ನಾಳೆ ಬೆಳಿಗ್ಗೆ ದೌಂಡ್ ಕಡೆಯ ಒಂದು ಗ್ರಂಥಾಲಯದ ಪರಿಶೀಲನೆಗೆ ನಾನೊಬ್ಬನೇ ಹೋಗುತ್ತಿದ್ದೇನೆ. ಅಧ್ಯಕ್ಷರ ಭಾಷಣ ಪೂರ್ತಿ ಕೇಳುತ್ತೇನೆ, ಚಹಾ ಕುಡಿಯುತ್ತೇನೆ, ಹೊರಗೆ ಬಂದು ತೀರ ಕೊನೆಗೆ ನಿಂತವರನ್ನು ಆ ಪ್ರಶ್ನೆ ಕೇಳುತ್ತೇನೆ, ನನ್ನದೇ ದನಿಯಲ್ಲಿ. ಆಮೇಲೆ ಸುಮ್ಮನೆ ನಿಲ್ಲುತ್ತೇನೆ.