ಒಳಗೆಳೆದ ಹೂಂ

ನಮ್ಮ ದೊಡ್ಡಮ್ಮ ಗಾರೆನ್ ಮೂವತ್ತೊಂದು ವರ್ಷ, ನಾರ್ವೆಯ ಉತ್ತರದ ತುದಿಯ ನಮ್ಮೂರಿನ ಶಾಲೆಯಲ್ಲಿ ಅಡುಗೆ ಮಾಡಿದವಳು. ಅವಳ ಕೈಯ ಮೀನಿನ ಸಾರು ಉಣ್ಣದೆ ದೊಡ್ಡವರಾದವರು ನಮ್ಮೂರಲ್ಲಿ ಇಲ್ಲ. ಆ ಸಾರನ್ನು ಜನ ಈಗ ಮರೆತಿರಬಹುದು, ಅವಳ ಹೂಂ ಅನ್ನು ಮಾತ್ರ ಮರೆತಿಲ್ಲ.

ನಮ್ಮ ಕಡೆ ಹೂಂಗುಟ್ಟುವುದು ಉಸಿರನ್ನು ಒಳಗೆಳೆದುಕೊಂಡು. ತುಟಿ ತುಸುವೇ ತೆರೆದು, ಬಿಸಿ ಕಾಫಿಯನ್ನು ಹೀರಿದ ಹಾಗೆ ಒಂದು ಚುಟುಕು ಸದ್ದು. ಕೇಳಿಸಿಕೊಂಡೆ, ಮುಂದೆ ಹೇಳು ಎಂದು ಅದರರ್ಥ. ಒಪ್ಪಿಗೆಗೆ ಬೇರೆ ಹೂಂ ಇದೆ. ಅದು ಎದೆಯಿಂದ ಹೊರಗೆ ಬರುತ್ತದೆ, ಗಟ್ಟಿಯಾಗಿ ಬರುತ್ತದೆ, ಒಂದೇ ಸಲ ಬರುತ್ತದೆ. ಯಾವುದು ಒಳಗೆ ಹೋಯಿತು, ಯಾವುದು ಹೊರಗೆ ಬಂತು ಎನ್ನುವುದು ತೊಟ್ಟಿಲ ಕೂಸಿಗೂ ತಿಳಿಯುತ್ತದೆ.

ದೊಡ್ಡಮ್ಮನ ಅಡುಗೆಮನೆಯಲ್ಲಿ ಊರಿನವರೆಲ್ಲ ಬಂದು ಮಾತಾಡಿ ಹಗುರಾಗಿ ಹೋಗುತ್ತಿದ್ದರು. ಅವಳು ಬುದ್ಧಿ ಹೇಳುತ್ತಿರಲಿಲ್ಲ, ಸಮಾಧಾನವನ್ನೂ ಹೇಳುತ್ತಿರಲಿಲ್ಲ. ಒಲೆಯ ಪಕ್ಕದ ಬೆಂಚಿನಲ್ಲಿ ಕೂತು ಉಸಿರನ್ನು ಒಳಗೆಳೆದುಕೊಳ್ಳುತ್ತಿದ್ದಳು. ಅವಳ ತಮ್ಮ, ನನ್ನ ಮಾವ ಇಸ್ಸಾತ್, ಪ್ರತಿ ಮೇ ತಿಂಗಳು ತನ್ನ ಹಿಮಸಾರಂಗದ ಹಿಂಡನ್ನು ಬಿಟ್ಟು ಗುಡ್ಡದಿಂದ ಇಳಿದು ಬಂದವನೇ ಟೋಪಿ ತೆಗೆದು, ಕಾಫಿಯಲ್ಲಿ ಒಣಮಾಂಸ ನೆನೆಹಾಕಿಕೊಂಡು, ಆ ವಸಂತದಲ್ಲಿ ಹುಟ್ಟಿದ ಒಂದೊಂದು ಕರುವಿನ ಕತೆಯನ್ನೂ ಅಕ್ಕನಿಗೆ ಒಪ್ಪಿಸುತ್ತಿದ್ದ. ಕರು ಒಂದಕ್ಕೆ ಹೂಂ ಒಂದು. ನಲವತ್ತು ವರ್ಷ ಹಾಗೆ ನಡೆಯಿತು.

ಸಂಶೋಧಕರು ನಮ್ಮೂರಿಗೆ ಬರುವುದು ಮಾರ್ಚಿನಲ್ಲಿ. ಆಗ ಹಿಮ ಗಟ್ಟಿ, ಬೆಳಕು ಧಾರಾಳ, ಸೊಳ್ಳೆ ಇನ್ನೂ ಹುಟ್ಟಿರುವುದಿಲ್ಲ. ನೂರ ನಲವತ್ತು ಜನ ನಾವು. ನಮ್ಮನ್ನು ಆಳುವವರ ಬಗ್ಗೆ ನಮಗೇನನ್ನಿಸುತ್ತದೆ, ಸಭೆಗೆ ಯಾರು ಹೋಗುತ್ತಾರೆ, ಯಾರು ಹೋಗುವುದಿಲ್ಲ, ಇದನ್ನೆಲ್ಲ ಎಷ್ಟು ಸಲ ಅಳೆದರೋ ಲೆಕ್ಕವಿಲ್ಲ. ಒಬ್ಬ ಬಂದು, ಪುರಸಭೆಯ ಮೇಲೆ ನಿನಗೆ ಒಂದರಿಂದ ಏಳರೊಳಗೆ ಎಷ್ಟು ನಂಬಿಕೆ ಎಂದು ಕೇಳಿದ್ದ. ದೊಡ್ಡಮ್ಮ ಕಿಟಕಿಯಾಚೆ ನೋಡಿ, "ರಸ್ತೆಯ ಹಿಮ ತೆಗೆದ ದಿನ ಏಳು, ತೆಗೀದಿದ್ದ ದಿನ ಒಂದು. ಇವತ್ತು ನಿನ್ನ ಕಾರು ಎಲ್ಲಿ ಹೂತ್ಕೊಂಡಿದೆ ಹೇಳು, ಅದನ್ನ ನೋಡಿ ಬರ್ಕೊ" ಅಂದಿದ್ದಳು.

ಎಲ್ಲರಿಗೂ ಅವಳು ಊಟ ಹಾಕಿದಳು. ಎಲ್ಲರಿಗೂ ಉತ್ತರ ಹೇಳಿದಳು.

ಫೆಮ್ಕೆ ಬಂದದ್ದೂ ಮಾರ್ಚಿನಲ್ಲೇ. ಹಾಲೆಂಡಿನ ಹುಡುಗಿ, ರಾಜಧಾನಿಯ ಒಂದು ಅಧ್ಯಯನ ಸಂಸ್ಥೆಯಲ್ಲಿ ಕೆಲಸ. ನಾರ್ವೆಯ ಮಾತನ್ನು ಪುಸ್ತಕದಿಂದ ಕಲಿತಿದ್ದಳು. ಉತ್ತರದ ಸಮುದಾಯಗಳು ಆಡಳಿತದ ನಿರ್ಧಾರಗಳಲ್ಲಿ ಹೇಗೆ ಪಾಲ್ಗೊಳ್ಳುತ್ತವೆ ಎಂಬುದು ಅವಳ ವಿಷಯ. ಧ್ವನಿ ಹಿಡಿಯುವ ಪುಟ್ಟ ಯಂತ್ರವನ್ನು ಸಕ್ಕರೆ ಬಟ್ಟಲಿಗೆ ಒರಗಿಸಿಟ್ಟಳು. ನಾನು ಒಲೆಯ ಬಳಿ ಒಣಮಾಂಸ ಹೆಚ್ಚುತ್ತಿದ್ದೆ, ಹಾಗಾಗಿ ಎಲ್ಲವನ್ನೂ ಕೇಳಿದ್ದೇನೆ.

ಮೊದಲ ಹತ್ತು ನಿಮಿಷದಲ್ಲೇ ಅವಳು ಯಂತ್ರದ ಕಡೆಯಿಂದ ತಲೆಯೆತ್ತಿದಳು. ನಮ್ಮಲ್ಲಿ ಮಂತ್ರಿಗೂ ನೀನು ಎಂದೇ ಅನ್ನುವುದು, ಅದನ್ನು ಅವಳು ಕಲಿತಿದ್ದಳು.

"ಗಾರೆನ್, ನಿನಗೆ ಉಬ್ಬಸ ಇದೆಯಾ? ಔಷಧಿ ತಗೋಬೇಕಿದ್ರೆ ನಿಲ್ಲಿಸ್ತೀನಿ."

ದೊಡ್ಡಮ್ಮ ನಕ್ಕುಬಿಟ್ಟಳು. "ಉಬ್ಬಸ ಅಲ್ಲ ಮಗಳೇ. ನೀನು ಮಾತಾಡು, ನಾನು ಕೇಳ್ತಿದೀನಿ ಅಂತ. ಹಾಗನ್ನದೆ ಸುಮ್ಮನೆ ಕೂತ್ರೆ ನಮ್ಮವರು, ಇವಳು ಸತ್ತಳೋ ಏನೋ ಅಂತ ಎದ್ದು ಬಂದು ಮುಟ್ಟಿ ನೋಡ್ತಾರೆ."

ಫೆಮ್ಕೆಯೂ ನಕ್ಕಳು. ತಾನೂ ಒಮ್ಮೆ ಉಸಿರೆಳೆದು ನೋಡಿ ಕೆಮ್ಮಿದಳು. ಆಮೇಲೆ ಹಾಳೆ ನೋಡಿಕೊಂಡು ಓದತೊಡಗಿದಳು.

"ಕರುಗುಡ್ಡದ ಮೇಲೆ ವಿದ್ಯುತ್ ತೆಗೆಯೋ ಮೂವತ್ತೆಂಟು ಗಾಳಿಗಂಬ ನಿಲ್ಲಿಸೋ ಯೋಜನೆ ಇದೆ."

ದೊಡ್ಡಮ್ಮ ಉಸಿರೆಳೆದಳು.

"ಹಿಮಸಾರಂಗಗಳು ನಾಲ್ಕೈದು ವರ್ಷದಲ್ಲಿ ಅದಕ್ಕೆ ಹೊಂದ್ಕೋತವೆ ಅಂತ ಕೆಲವರ ಅಭಿಪ್ರಾಯ."

ಉಸಿರೆಳೆದಳು.

"ಊರಿಗೆ ಇದರಿಂದ ಅನುಕೂಲ ಆಗುತ್ತೆ ಅಂತಾನೂ ಹೇಳ್ತಾರೆ."

ಉಸಿರೆಳೆದಳು.

"ನಿನಗೇನನ್ಸುತ್ತೆ?"

ಆಗ ದೊಡ್ಡಮ್ಮ ಮಾತಾಡಿದಳು. ನಲವತ್ತು ನಿಮಿಷ. ತಲೆತಲಾಂತರದಿಂದ ನಮ್ಮ ಹೆಣ್ಣುಸಾರಂಗಗಳು ಆ ಗುಡ್ಡದ ದಕ್ಷಿಣದ ಇಳಿಜಾರಿನಲ್ಲೇ ಏಕೆ ಈಯುತ್ತವೆ, ಹಿಮ ಮೊದಲು ಕರಗುವುದು ಅಲ್ಲೇ ಎಂಬುದು ಅವಕ್ಕೆ ಹೇಗೆ ಗೊತ್ತು, ಮೈ ಒಣಗದ ಕರುವಿನ ಮೇಲೆ ಹದ್ದಿನ ನೆರಳು ಸುಳಿದರೂ ತಾಯಿ ಹೇಗೆ ಬೆದರಿ ಓಡುತ್ತದೆ, ಓಡಿದ ತಾಯಿ ಎಷ್ಟೋ ಸಲ ತಿರುಗಿ ಬರುವುದೇ ಇಲ್ಲ ಎಂದೆಲ್ಲ ಹೇಳಿದಳು. "ಹದ್ದು ಹಾರಿ ಹೋಗುತ್ತೆ ಮಗಳೇ. ಕಂಬದ ರೆಕ್ಕೆ ಎಲ್ಲಿಗೆ ಹೋಗುತ್ತೆ? ಅದರ ನೆರಳು ದಿನವಿಡೀ ತಿರುಗ್ತಾನೇ ಇರುತ್ತೆ. ಕರುಗುಡ್ಡ ಬೇಡ" ಎಂದು ಮುಗಿಸಿದಳು. ಫೆಮ್ಕೆಯ ಕಣ್ಣು ಒದ್ದೆಯಾಗಿತ್ತು. ಹೊರಡುವಾಗ ದೊಡ್ಡಮ್ಮನನ್ನು ತಬ್ಬಿಕೊಂಡಳು.

ವರದಿ ಬಂದದ್ದು ಮರುವರ್ಷದ ಅಕ್ಟೋಬರಿನಲ್ಲಿ. ಗಾಳಿಗಂಬದ ಕಂಪನಿಯವರು ತಮ್ಮ ಅರ್ಜಿಯ ಜೊತೆ ಅದನ್ನು ಲಗತ್ತಿಸಿದ್ದರು.

ಇಸ್ಸಾತ್ ಮಾವ ಒಳಗೆ ಬಂದ. ಟೋಪಿ ತೆಗೆಯಲಿಲ್ಲ, ಕೂರಲಿಲ್ಲ. ಕಾಗದದ ಕಟ್ಟನ್ನು ಮೇಜಿನ ಮೇಲೆ ಎಸೆದ.

"ಅರವತ್ತೆರಡನೇ ಪುಟ. ಓದ್ಲಾ? 'ಏಳನೇ ಮಾಹಿತಿದಾರಳು. ಹೆಂಗಸು, ಅರವತ್ತೆಂಟು ವರ್ಷ, ನಿವೃತ್ತ ಶಾಲಾ ಅಡುಗೆಯವಳು. ಹೆಸರು ಗೋಪ್ಯವಾಗಿಡಲಾಗಿದೆ.' ಊರಲ್ಲಿ ಅಂಥವರು ಎಷ್ಟು ಜನ ಇದಾರೆ ಅಕ್ಕ? ಎಣಿಸೋಣ್ವಾ?"

"ಮುಂದೆ ಓದು."

"'ಸಾರಂಗಗಳು ಹೊಂದಿಕೊಳ್ಳುತ್ತವೆ: ಒಪ್ಪಿಗೆ. ಊರಿಗೆ ಅನುಕೂಲ: ಒಪ್ಪಿಗೆ.' ಇಲ್ಲಿ ಕೆಳಗೆ, 'ಇತರ ಮಾತುಗಳು: ಪ್ರಾಣಿಗಳ ಬಗ್ಗೆ ಹಳೆಯ ನೆನಪುಗಳು.'"

ದೊಡ್ಡಮ್ಮನ ಮುಖ ಬಿಳಿಚಿಕೊಂಡಿತು. "ನಾನು ಹೂಂ ಅಂದಿಲ್ಲ ಇಸ್ಸಾತ್."

"ಅಂದಿರ್ತೀಯ. ಬೆಕ್ಕು ಮಿಯಾಂವ್ ಅಂದ್ರೂ ಅಂತೀಯ."

"ಅದು ಒಳಗೆ ಅಂದಿದ್ದು!"

"ಕಾಗದದ ಮೇಲೆ ಒಳಗೆ ಹೊರಗೆ ಅಂತ ಇಲ್ಲ ಅಕ್ಕ. ನನ್ನ ಹೆಣ್ಣುಗಳು ಇನ್ನು ಎಲ್ಲಿ ಈಯಬೇಕು? ನಿನ್ನ ಅಡುಗೆಮನೇಲಾ?"

ಕಾಫಿ ಕುಡಿಯದೆ ಹೋದ. ನಲವತ್ತು ವರ್ಷದಲ್ಲಿ ಅದೇ ಮೊದಲು.

ಊರು ಎರಡು ದಿನದಲ್ಲಿ ಅರವತ್ತೆರಡನೇ ಪುಟವನ್ನು ಬಾಯಿಪಾಠ ಮಾಡಿತು. ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಹಿಂದಿನಿಂದ ಯಾರೋ, "ಗಾರೆನ್, ಮುಂದಿನ ಸಲ ಅವರು ಬಂದಾಗ ಮೂಗು ಬಾಯಿ ಕಟ್ಕೊಂಡು ಕೂತ್ಕೊ" ಅಂದರು. ನಕ್ಕವರಲ್ಲಿ ಅವಳ ಕೈಯ ಸಾರು ಉಂಡು ಬೆಳೆದವರೂ ಇದ್ದರು.

ನಾನೇ ಫೆಮ್ಕೆಗೆ ಫೋನು ಹಚ್ಚಿಕೊಟ್ಟೆ. ಅವಳು ಅತ್ತಳು. ಧ್ವನಿಯನ್ನು ಬರಹಕ್ಕೆ ಇಳಿಸಿದ್ದು ಬೇರೆ ಕಚೇರಿಯವರಂತೆ. ಪಟ್ಟಿ ಮಾಡಿದ್ದು ಇನ್ನೊಬ್ಬರಂತೆ. ಉಬ್ಬಸದ ಮಾತನ್ನು ವಿಷಯಕ್ಕೆ ಸಂಬಂಧವಿಲ್ಲವೆಂದು ಬಿಟ್ಟರಂತೆ. ಅವಳು ಓದದೆ ಸಹಿ ಹಾಕಿದಳಂತೆ.

"ಅಳಬೇಡ," ಅಂದಳು ದೊಡ್ಡಮ್ಮ. "ಆ ಯಂತ್ರದಲ್ಲಿ ನನ್ನ ಮಾತೆಲ್ಲ ಇದೆಯಲ್ಲ, ಅದನ್ನ ಸಭೇಲಿ ಎಲ್ಲರಿಗೂ ಕೇಳಿಸು. ಮುಗೀತು."

"ಅದನ್ನ ಅಳಿಸಿದಾರೆ ಗಾರೆನ್. ವರದಿ ಮುಗಿದ ಮೇಲೆ ಅಳಿಸಬೇಕು ಅಂತ ನಿಯಮ. ನಿನ್ನ ಗೋಪ್ಯತೆ ಕಾಪಾಡೋಕೆ."

"ಯಾರಿಂದ ಕಾಪಾಡಿದ್ರಿ ನನ್ನನ್ನ?" ಎಂದು ಕೇಳಿ ದೊಡ್ಡಮ್ಮ ಫೋನನ್ನು ನನ್ನ ಕೈಗೆ ಕೊಟ್ಟಳು.

ನಲವತ್ತು ನಿಮಿಷದ ಮಾತನ್ನು ಅಳಿಸಿ ಎರಡು ಉಸಿರನ್ನು ಮಾತ್ರ ಉಳಿಸಿಕೊಂಡವರ ಮೇಲೆ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಅವರು ಯಾರೂ ಕೆಟ್ಟವರಲ್ಲವಂತೆ. ಒಬ್ಬರು ಬರೆದರು, ಒಬ್ಬರು ಎಣಿಸಿದರು, ಒಬ್ಬರು ಸಹಿ ಹಾಕಿದರು, ಒಬ್ಬರು ಅಳಿಸಿದರು, ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರು. ಅಚ್ಚುಕಟ್ಟಾಗಿ ನಮ್ಮ ಗುಡ್ಡವನ್ನು ನಮ್ಮದೇ ಉಸಿರಿನಿಂದ ಕಟ್ಟಿ ಎಳೆದುಕೊಂಡು ಹೋದರು.

ನವೆಂಬರಿನಲ್ಲಿ ಶಾಲೆಯ ಆಟದ ಸಭಾಂಗಣದಲ್ಲಿ ಗಾಳಿಗಂಬದ ಅರ್ಜಿಯ ಮೇಲೆ ಪುರಸಭೆಯ ಅಹವಾಲು ಸಭೆ ಸೇರಿತು. ದೊಡ್ಡಮ್ಮ ಹಬ್ಬದ ನೀಲಿ ಉಡುಪು ತೊಟ್ಟು, ಎದೆಗೆ ಅಜ್ಜಿಯ ಬೆಳ್ಳಿ ಪದಕ ಸಿಕ್ಕಿಸಿಕೊಂಡು ಮೊದಲ ಸಾಲಿನಲ್ಲಿ ಕೂತಳು. ಅಕ್ಕಪಕ್ಕದ ಎರಡು ಕುರ್ಚಿ ಖಾಲಿ. ನಾನು ಹೋಗಿ ಒಂದರಲ್ಲಿ ಕೂತೆ. ಇಸ್ಸಾತ್ ಮಾವ ಹಿಂದೆ ಗೋಡೆಗೆ ಒರಗಿ ನಿಂತಿದ್ದ.

ಅಧ್ಯಕ್ಷ ಆರ್ನ್‌ಫಿನ್ ಕರಾವಳಿಯವನು. ಸಭೆಯನ್ನು ಶುರುಮಾಡುತ್ತಾ, ತಾನೂ ಉತ್ತರದವನೇ, ಮೀನುಗಾರನ ಮಗ, ಅಪ್ಪ ಕಟ್ಟಿದ ಕೆಂಪು ದೋಣಿಮನೆ ಇನ್ನೂ ಇದೆ, ಎಂಬತ್ತೈದರ ಅಮ್ಮ ಅದರ ಪಕ್ಕ ಈಗಲೂ ಆಲೂಗಡ್ಡೆ ಬೆಳೆಯುತ್ತಾಳೆ, ನೆಲದ ಬೆಲೆ ತನಗೆ ಗೊತ್ತು ಎಂದೆಲ್ಲ ಹೇಳಿದ. ಫೆಮ್ಕೆ ಬಂದಿರಲಿಲ್ಲ. ಸಂಸ್ಥೆಯ ಪರವಾಗಿ ಬಂದಿದ್ದ ಒಬ್ಬ ಎದ್ದು ನಿಂತು, "ಹೂಂ ಅಂದಿದ್ದನ್ನ ನಾವು ಹೂಂ ಅಂತಲೇ ಬರೆದಿದೀವಿ. ಆಮೇಲೆ ಮನಸ್ಸು ಬದಲಾಗಿದ್ರೆ ಅದು ಬೇರೆ ವಿಷಯ" ಅಂದ.

"ಗಾರೆನ್, ನಿನಗೆ ಮೂರು ನಿಮಿಷ," ಅಂದ ಅಧ್ಯಕ್ಷ.

ದೊಡ್ಡಮ್ಮ ಧ್ವನಿವರ್ಧಕದ ಹತ್ತಿರ ಹೋಗಲಿಲ್ಲ. ನೇರ ಅವನ ಮೇಜಿನೆದುರು ಹೋಗಿ ನಿಂತಳು.

"ಅಷ್ಟು ಹೊತ್ತು ಬೇಡಪ್ಪ. ನಿನ್ನ ಜೊತೆ ಎರಡು ಮಾತು ಅಷ್ಟೆ. ನೀನು ಮೀನುಗಾರನ ಮಗ."

ಆರ್ನ್‌ಫಿನ್ ಉಸಿರನ್ನು ಒಳಗೆಳೆದುಕೊಂಡ. ಕರಾವಳಿಯವರಿಗೂ ಅದೇ ಅಭ್ಯಾಸ.

"ಅಪ್ಪ ಕಟ್ಟಿದ ದೋಣಿಮನೆ ಕೆಂಪು ಬಣ್ಣದ್ದು."

ಉಸಿರೆಳೆದ.

"ಪಕ್ಕದಲ್ಲೇ ಅಮ್ಮನ ಆಲೂಗಡ್ಡೆ ಪಾತಿ."

ಉಸಿರೆಳೆದ.

"ಅದನ್ನೆಲ್ಲ ಕೆಡವಿ, ಅಲ್ಲಿ ನಾವು ಸಾರಂಗ ಕಡಿಯೋ ಕೊಟ್ಟಿಗೆ ಕಟ್ತೀವಿ."

ಉಸಿರೆಳೆದ. ಎಳೆದ ಮೇಲೆ ಅವನಿಗೆ ಗೊತ್ತಾಯಿತು. ಬಾಯಿ ಹಾಗೇ ತೆರೆದುಕೊಂಡಿತು.

ದೊಡ್ಡಮ್ಮ ಪಕ್ಕದಲ್ಲಿ ಟಿಪ್ಪಣಿ ಮಾಡುತ್ತಿದ್ದ ಹುಡುಗಿಯ ಕಡೆ ತಿರುಗಿದಳು. "ಬರ್ಕೊ ಮಗಳೇ. ಗಂಡಸು, ಐವತ್ತು ದಾಟಿದೆ, ಅಧ್ಯಕ್ಷ, ಮೀನುಗಾರನ ಮಗ. ಹೆಸರು ಗೋಪ್ಯ. ದೋಣಿಮನೆ ಕೆಡವೋದು: ಒಪ್ಪಿಗೆ. ಇತರ ಮಾತುಗಳು: ಆಲೂಗಡ್ಡೆ ಬಗ್ಗೆ ಹಳೆಯ ನೆನಪುಗಳು."

ಹಿಂದಿನ ಗೋಡೆಯ ಕಡೆಯಿಂದ ಮೊದಲ ನಗು ಒಡೆಯಿತು. ಅದು ಇಸ್ಸಾತ್ ಮಾವನದು. ಆಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು, ಆರ್ನ್‌ಫಿನ್ ಕೂಡ ಕೆಂಪಾಗಿ ನಕ್ಕ. ಒಬ್ಬಳೇ ನಗಲಿಲ್ಲ.

"ನಗ್ತೀರಿ," ಅಂದಳು ದೊಡ್ಡಮ್ಮ. "ನನ್ನನ್ನ ನೋಡಿ ಒಂದು ತಿಂಗಳು ನಕ್ಕಿದೀರಿ. ನಾನು ಮಾತಾಡಿದ್ದನ್ನ ಬಿಸಾಕಿದ್ರು, ನಾನು ಕೇಳಿಸ್ಕೊಂಡಿದ್ದನ್ನ ಕದ್ದುಕೊಂಡು ಹೋದ್ರು. ಮನೆಗೆ ಬಂದವರ ಮಾತನ್ನ ಮರ್ಯಾದೆಯಿಂದ ಕೇಳಿದ್ದೇ ತಪ್ಪಾಯ್ತಾ? ಈಗ ಕೇಳಿ. ಕರುಗುಡ್ಡ ಬೇಡ. ಇದು ಹೊರಗೆ ಬಿಟ್ಟ ಉಸಿರು. ಇದನ್ನೂ ಬರ್ಕೊಳಿ."

ನಿರ್ಧಾರವನ್ನು ಮುಂದಕ್ಕೆ ಹಾಕಿದರು. ಅರವತ್ತೆರಡನೇ ಪುಟವನ್ನು ತಿದ್ದಿಸುವುದಾಗಿ ಅಧ್ಯಕ್ಷ ಮಾತು ಕೊಟ್ಟ. ಫೆಬ್ರವರಿಯಲ್ಲಿ ತಿದ್ದಿದ ಪುಟ ಅಂಚೆಯಲ್ಲಿ ಬಂತು. "ಏಳನೇ ಮಾಹಿತಿದಾರಳು: ಪ್ರತಿಕ್ರಿಯೆ ಸ್ಪಷ್ಟವಿಲ್ಲ."

ದೊಡ್ಡಮ್ಮನ ನಿಜವಾದ ಸಿಟ್ಟನ್ನು ನಾನು ಕಂಡದ್ದು ಅವತ್ತು. ಶಾಲೆಯ ಹಲಗೆಯ ಮೇಲೆ ದಿನದ ಊಟದ ಹೆಸರು ಬರೆಯುತ್ತಿದ್ದಳಲ್ಲ, ಅದೇ ದೊಡ್ಡ ಅಕ್ಷರಗಳಲ್ಲಿ ಪುಟದ ಅಡ್ಡಕ್ಕೂ ಬೇಡ ಎಂದು ಬರೆದು ವಾಪಸ್ಸು ಕಳಿಸಿದಳು. ನಿಮ್ಮ ಅಭಿಪ್ರಾಯ ತಲುಪಿದೆ ಎಂದು ಉತ್ತರ ಬಂತು. ಅದರ ಮೇಲೂ ಬೇಡ ಎಂದು ಬರೆದು ಕಳಿಸಿದಳು. ಏಪ್ರಿಲ್ ಹೊತ್ತಿಗೆ ಹಾಗೆ ಐದು ಕಾಗದ ಹೋದವು.

ಆದರೆ ಅವಳ ಹೂಂ ನಿಂತುಹೋಯಿತು. ಊರಿನವರು ನಾಚಿಕೊಂಡು ಒಬ್ಬೊಬ್ಬರಾಗಿ ತಿರುಗಿ ಬಂದರು. ಬೆಂಚಿನ ಮೇಲೆ ಕೂತು ಮಾತು ಶುರುಮಾಡುತ್ತಿದ್ದರು. ದೊಡ್ಡಮ್ಮ ಅವರನ್ನೇ ನೋಡುತ್ತಿದ್ದಳು, ತುಟಿ ಬಿಗಿಹಿಡಿದು. ಎರಡು ವಾಕ್ಯವಾಗುವಷ್ಟರಲ್ಲಿ ಮಾತು ಹಿಮದಲ್ಲಿ ಕಾಲು ಹೂತ ಹಾಗೆ ನಿಂತುಬಿಡುತ್ತಿತ್ತು. ಕಾಫಿ ಮುಗಿಸಿ ಎದ್ದು ಹೋಗುತ್ತಿದ್ದರು. ನಾನೂ ಒಮ್ಮೆ ನನ್ನ ಸಂಕಟ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟೆ. ಮೂವತ್ತೆಂಟು ಕಂಬಗಳ ಜೊತೆ ಈ ನಷ್ಟವನ್ನೂ ಸೇರಿಸಿ ಲೆಕ್ಕ ಹಾಕುವ ಪಟ್ಟಿ ಯಾವ ಸಂಸ್ಥೆಯಲ್ಲೂ ಇಲ್ಲ.

ಮೇ ಕೊನೆಯ ವಾರ ಇಸ್ಸಾತ್ ಮಾವ ಬಂದ. ಮುಖ ಬಿಸಿಲು ಹಿಮಕ್ಕೆ ಸುಟ್ಟು ಕಪ್ಪಾಗಿತ್ತು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಮೊದಲನೇದು ಹದಿಮೂರನೇ ತಾರೀಕು ಹುಟ್ತು ಅಕ್ಕ. ಕರುಗುಡ್ಡದ ದೊಡ್ಡ ಬಂಡೆ ಇದೆಯಲ್ಲ, ಅದರ ಕೆಳಗೇನೇ."

ದೊಡ್ಡಮ್ಮ ಸುಮ್ಮನೆ ಕೂತಿದ್ದಳು.

"ಮುಂಗಾಲು ಎರಡೂ ಬಿಳಿ," ಅಂದ. ಕಾದ. ಮತ್ತೆ ಅಂದ, "ಮುಂಗಾಲು ಎರಡೂ."

"ನೀನು ಹೂಂ ಅನ್ನದಿದ್ರೆ ನಾನು ಮುಂದಿನ ಕರುವಿಗೆ ಹೇಗೆ ಹೋಗ್ಲಿ ಅಕ್ಕ?"

ದೊಡ್ಡಮ್ಮನ ಕಣ್ಣು ಮೇಜಿನ ಮೇಲಿತ್ತು. ಅಲ್ಲಿ, ಅಂದು ಫೆಮ್ಕೆಯ ಯಂತ್ರವಿದ್ದ ಹಾಗೆಯೇ, ಸಕ್ಕರೆ ಬಟ್ಟಲಿಗೆ ಒರಗಿ ಇಸ್ಸಾತ್ ಮಾವನ ಫೋನಿತ್ತು. ಅವನೂ ಅದನ್ನು ನೋಡಿದ. ಎದ್ದ. ಫೋನನ್ನು ಟೋಪಿಯೊಳಗೆ ಹಾಕಿ, ಬಾಗಿಲು ತೆರೆದು, ಟೋಪಿಯನ್ನು ಹೊರಗೆ ಮೆಟ್ಟಿಲ ಮೇಲಿಟ್ಟು, ಬಾಗಿಲು ಮುಚ್ಚಿ ಬಂದು ಮೊದಲಿನ ಜಾಗದಲ್ಲೇ ಕೂತ.

"ಮುಂಗಾಲು ಎರಡೂ ಬಿಳಿ," ಅಂದ ಮೂರನೆಯ ಸಲ.

ದೊಡ್ಡಮ್ಮ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದಳು. ತುಟಿ ತುಸುವೇ ತೆರೆಯಿತು. ಉಸಿರು ಒಳಗೆ ಹೋದ ಸದ್ದು ನನಗೂ ಕೇಳಿಸಿತು.

ಇಸ್ಸಾತ್ ಮಾವ ಒಣಮಾಂಸದ ತುಂಡನ್ನು ಕಾಫಿಗೆ ಹಾಕಿ ಎರಡನೆಯ ಕರುವಿಗೆ ಹೋದ.